ಝಾಬುವಾದ ಕರಿಯ ಕೋಳಿ

ಮಧ್ಯಪ್ರದೇಶದ ಪಶ್ಚಿಮದಂಚಿನಲ್ಲಿ, ಗುಜರಾತಿಗೆ ತಗುಲಿದಂತೆ, ಝಾಬುವಾ ಎಂಬ ಗುಡ್ಡಗಳ ಸೀಮೆಯುಂಟು. ಅಲ್ಲಿಯ ಭಿಲ್ಲರ ಅಂಗಳಗಳಲ್ಲಿ ಮೇಯುವ ಕಡಕನಾಥವೆಂಬ ಕೋಳಿಯನ್ನು ಕಂಡ ಪ್ರವಾಸಿಯು ನಿಂತು ನೋಡದಿರಲಾರನು. ಚರ್ಮ, ಕಾಲು, ಮಾಂಸ, ಎಲುಬಿನ ಪೊರೆ ಎಲ್ಲವೂ ಕಪ್ಪು. ಕುಕ್ಕುಟಕ್ಕೆ 'ತಾಮ್ರಚೂಡ'ವೆಂದು ಹೆಸರಿಟ್ಟ ಕೋಶಕಾರರು ಇದರ ಕರಿಯ ಜುಟ್ಟನ್ನು ಕಂಡಿರಲಾರರು! ಪುಕ್ಕದಲ್ಲಿ ಮಾತ್ರ ಮೂರು ಭೇದಗಳಿವೆ: ಅಚ್ಚಗಪ್ಪು, ಬಿಳಿಗೆರೆ, ಹೊಂಬಣ್ಣ. ಮೊಟ್ಟೆಯೋ, ತಿಳಿಗಂದು. ರುಚಿಯ ವಿಚಾರದಲ್ಲಿ ನನಗೆ ಅಧಿಕಾರವಿಲ್ಲ.

ವರ್ಣತಂತುವೊಂದರ ಭಾಗವು ಇಮ್ಮಡಿಯಾದುದೇ ಈ ಕಪ್ಪಿಗೆ ಕಾರಣವೆಂದು ವಿಜ್ಞಾನಿಗಳು ಕಂಡಿರುವರು. ಚೀನದ ರೇಷ್ಮೆಕೋಳಿಯಲ್ಲಿಯೂ ಅದೇ ಮಾರ್ಪಾಟುಂಟು. ಆದರೆ ತಳಿಯೆಂದರೆ ಬಣ್ಣವೊಂದೇ ಅಲ್ಲ. ಬೇಸಗೆಯ ಬೇಗೆಯನ್ನು ತಾಳುವ, ಹಿತ್ತಿಲಲ್ಲಿ ಸಿಕ್ಕಿದುದನ್ನು ಹೆಕ್ಕಿ ಬದುಕುವ ಶಕ್ತಿಗಳು ಬೇರೆ ವಂಶವಾಹಿಗಳಲ್ಲಿ ಅಡಗಿರುವುವು. 2018ರಲ್ಲಿ ಝಾಬುವಾದ ಕಡಕನಾಥ ಮಾಂಸಕ್ಕೆ ಭೌಗೋಳಿಕ ಸೂಚಕದ ಮುದ್ರೆ ದೊರೆಯಿತು. ಈಗ ನಮ್ಮ ಕನ್ನಡನಾಡಿನಲ್ಲಿಯೂ ಈ ಕೋಳಿಯನ್ನು ಸಾಕುವರು. ಗಿರಾಕಿಯು ಕಪ್ಪನ್ನಷ್ಟೇ ನೋಡಿ ಹಣ ಕೊಡುವನು. ಕಪ್ಪುಗುಣವೋ ಪ್ರಬಲವಾದುದು, ಬೆರಕೆಯ ಮರಿಯಲ್ಲಿಯೂ ತೋರಬಲ್ಲುದು. ಬಣ್ಣ ಉಳಿದು ತಳಿ ಅಳಿದರೆ ಕಣ್ಣಿಗೆ ಗೊತ್ತಾಗದು. ಝಾಬುವಾದ ಕೃಷಿವಿಜ್ಞಾನಕೇಂದ್ರದವರು ಶುದ್ಧ ತಳಿಯ ಮರಿಗಳನ್ನು ಮಾಡಿಸಿ ಅಲ್ಲಿಯ ಸಾಕುವವರಿಗೆ ಕೊಡುತ್ತಿರುವರು.