ಬಿಸಿಲಿಗೆ ಮೈಯೊಡ್ಡುವ ಭರತಪುರದ ಹೆಬ್ಬಾವುಗಳು

ಭರತಪುರವೆಂದರೆ ಹಕ್ಕಿಗಳ ಊರು. ಚಳಿಗಾಲದಲ್ಲಿ ಅಲ್ಲಿನ ಕೇವಲಾದೇವ ಘನಾ ರಾಷ್ಟ್ರೀಯ ಉದ್ಯಾನಕ್ಕೆ ಹೋದವರೆಲ್ಲ ದುರ್ಬೀನು ಹಿಡಿದು ನೀರನ್ನೋ ಆಕಾಶವನ್ನೋ ನೋಡುತ್ತಿರುತ್ತಾರೆ. ಸೈಬೀರಿಯದ ಬಿಳಿ ಕೊಕ್ಕರೆಗಳು 2002ರ ನಂತರ ಇತ್ತ ಸುಳಿದಿಲ್ಲ. ಆದರೂ ಕೆರೆಗಳಲ್ಲಿ ನೀರಿದ್ದ ವರ್ಷ ಬಾತು, ಹೆಬ್ಬಾತುಗಳಿಗೆ ಲೆಕ್ಕವಿಲ್ಲ. ಈ ಗದ್ದಲದ ನಡುವೆ ನೆಲದ ಮೇಲೂ ಕಣ್ಣಿಟ್ಟವರಿಗೆ ಇನ್ನೊಂದು ದೃಶ್ಯ ಸಿಗುತ್ತದೆ.

ಕರ್ನಾಟಕದಿಂದ ಹೊರಟವರಿಗೆ ದಾರಿ ಸುಲಭ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಆಗ್ರಾ ಕಂಟೋನ್ಮೆಂಟ್ ತಲುಪಿ ಅಲ್ಲಿಂದ ಬಸ್ಸು ಹಿಡಿದರೆ ಸುಮಾರು 55 ಕಿ.ಮೀ. ತಾಜಮಹಲು ನೋಡಲು ಹೋದ ಎಷ್ಟೋ ಕುಟುಂಬಗಳಿಗೆ ಇಷ್ಟು ಹತ್ತಿರದಲ್ಲಿ ಇಂಥದೊಂದು ಕಾಡಿದೆಯೆಂಬುದೇ ತಿಳಿದಿರುವುದಿಲ್ಲ. ಉದ್ಯಾನದ ವಿಸ್ತೀರ್ಣ 29 ಚ.ಕಿ.ಮೀ. ಮಾತ್ರ. ಒಳಗೆ ಸೈಕಲ್ ರಿಕ್ಷಾ ತುಳಿಯುವವರೇ ಮಾರ್ಗದರ್ಶಕರು. ಹಕ್ಕಿಯ ಹೆಸರು ಹೇಳುವುದರಲ್ಲಿ ಅವರು ಯಾವ ಪದವೀಧರನಿಗೂ ಕಡಿಮೆಯಿಲ್ಲ.

ಜನವರಿಯಲ್ಲಿ ಇಲ್ಲಿ ರಾತ್ರಿಯ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಗಿಳಿಯುವುದುಂಟು. ಬೆಳಿಗ್ಗೆ ಒಂಬತ್ತಾದರೂ ಮಂಜು ಹರಿದಿರುವುದಿಲ್ಲ. ಹತ್ತು ಹತ್ತೂವರೆಯ ಹೊತ್ತಿಗೆ ಬಿಸಿಲು ನೆಲಕ್ಕೆ ತಾಗಿದಾಗ ರಿಕ್ಷಾವಾಲಾ ಗಾಡಿ ನಿಲ್ಲಿಸಿ ತುಟಿಯ ಮೇಲೆ ಬೆರಳಿಡುತ್ತಾನೆ. ಜಾಲಿ ಪೊದೆಯ ಬುಡದಲ್ಲೊಂದು ದೊಡ್ಡ ಬಿಲ. ಅದರ ಬಾಯಿಯ ಬಳಿ ತೊಡೆಗಾತ್ರದ ಹೆಬ್ಬಾವು ಅಲ್ಲಾಡದೆ ಬಿದ್ದುಕೊಂಡಿದೆ. "ಅಪ್ಪಾ, ಸತ್ತು ಹೋಗಿದೆಯಾ?" ಎಂದು ಮಕ್ಕಳು ಕೇಳುವುದು ಸಹಜ. ಸತ್ತಿಲ್ಲ. ಅದು ಮೈ ಕಾಯಿಸಿಕೊಳ್ಳುತ್ತಿದೆ.

ಹಾವು ಶೀತರಕ್ತ ಪ್ರಾಣಿಯೆಂದು ಪಠ್ಯಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದ ಮಕ್ಕಳಿಗೆ ಆ ಮಾತಿನ ಅರ್ಥ ಇಲ್ಲಿ ಕಣ್ಣೆದುರೇ ಕಾಣುತ್ತದೆ. ನಮ್ಮ ದೇಹ ಉಂಡ ಅನ್ನವನ್ನು ಸುಟ್ಟು ತನ್ನ ಶಾಖವನ್ನು ತಾನೇ ಮಾಡಿಕೊಳ್ಳುತ್ತದೆ. ಹಾವಾದರೋ ಅದನ್ನು ಹೊರಗಿನಿಂದ ಪಡೆಯಬೇಕು. ನುಂಗಿದ ಬೇಟೆ ಜೀರ್ಣವಾಗಬೇಕಾದರೂ ಹೆಬ್ಬಾವಿನ ಮೈ 30 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಚಳಿ ಹಿಡಿದರೆ ಹೊಟ್ಟೆಯಲ್ಲಿರುವುದು ಜೀರ್ಣವಾಗದೆ ಕೊಳೆಯತೊಡಗುತ್ತದೆ. ಹಾವು ಅದನ್ನು ಕಕ್ಕಿಬಿಡುತ್ತದೆ. ವಾರಗಟ್ಟಲೆ ಕಾದು ಹಿಡಿದ ಆಹಾರ ಹೀಗೆ ವ್ಯರ್ಥವಾಗುತ್ತದೆ.

ಹಾಗಾದರೆ ದಿನವಿಡೀ ಬಿಸಿಲಿದ್ದರೆ ಸಾಕೇ? ಸಾಲದು. ಬಿಲವಿಲ್ಲದಿದ್ದರೆ ಇಲ್ಲಿ ಹೆಬ್ಬಾವಿಲ್ಲ. ಈ ಬಿಲಗಳನ್ನು ತೋಡಿದ್ದು ಹೆಬ್ಬಾವಲ್ಲ, ಬಹುಪಾಲು ಮುಳ್ಳುಹಂದಿಗಳು. ಒಂದೇ ಬಿಲದಲ್ಲಿ ಎರಡೂ ಒಟ್ಟಿಗಿರುವುದುಂಟು. ಕೆಲವೆಡೆ ಬಾವಲಿಗಳೂ ಸೇರಿಕೊಂಡಿರುತ್ತವೆ. 1980ರ ದಶಕದಲ್ಲಿ ಈ ವಿಚಿತ್ರ ಸಹವಾಸವನ್ನು ಅಧ್ಯಯನ ಮಾಡಿದವರು ಸರೀಸೃಪ ವಿಜ್ಞಾನಿ ಎಸ್. ಭೂಪತಿ. ಭೂಮಿಯ ಒಳಗೆ ಹಗಲು ರಾತ್ರಿಗಳ ಏರಿಳಿತ ಅಷ್ಟಾಗಿ ಮುಟ್ಟುವುದಿಲ್ಲ. ರಾತ್ರಿ ಹೊರಗೆ ಮರಗಟ್ಟುವ ಚಳಿಯಿದ್ದರೆ ಒಳಗೆ ಬೆಚ್ಚಗೆ. ಮೇ ತಿಂಗಳಲ್ಲಿ ಹೊರಗೆ ಬೆಂಕಿಯಂಥ ಬಿಸಿಲಿದ್ದರೆ ಒಳಗೆ ತಂಪು. ಎರಡು ಮಾರು ದೂರದಲ್ಲಿ ಎರಡು ಹವಾಮಾನ. ಯಾವಾಗ ಯಾವುದು ಬೇಕೋ ಹಾವೇ ಆರಿಸಿಕೊಳ್ಳುತ್ತದೆ.

ಈ ಆಯ್ಕೆಗೆ ಅಡ್ಡಬರುವವರು ಪ್ರವಾಸಿಗರು. ಫೋಟೋ ಬೇಕೆಂದು ಹತ್ತಿರ ಹೋದರೆ ನೆಲದ ಕಂಪನವೇ ಹಾವಿಗೆ ಎಚ್ಚರಿಕೆ. ಅದು ಬಿಲ ಸೇರುತ್ತದೆ. ಜನವರಿಯ ಬಿಸಿಲು ಸಿಗುವುದೇ ನಾಲ್ಕೈದು ತಾಸು. ಅದರಲ್ಲಿ ಮೂರು ಸಲ ಒಳಗೋಡಬೇಕಾಗಿ ಬಂದರೆ ಮೈ ಕಾಯುವುದು ಯಾವಾಗ?

ಊರಿಗೆ ಮರಳುವ ರೈಲಿನಲ್ಲಿ "ನಾವೂ ಒಂದು ಹಾವು ಸಾಕೋಣವೇ?" ಎಂಬ ಪ್ರಶ್ನೆ ಹುಟ್ಟಿದರೆ ತಂದೆತಾಯಂದಿರು ಗಾಬರಿಯಾಗಬೇಕಿಲ್ಲ, ಆದರೆ ಉತ್ತರ ತಿಳಿದಿರಬೇಕು. ಭಾರತದ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿದೆ. ಅದನ್ನು ಮನೆಯಲ್ಲಿಟ್ಟುಕೊಳ್ಳುವುದು ಜೈಲಿಗೆ ಕಳಿಸುವ ಅಪರಾಧ. ಬೆಂಗಳೂರಿನಂಥ ನಗರಗಳಲ್ಲಿ ಕೆಲವರು ಸಾಕುವುದು ಪಶ್ಚಿಮ ಆಫ್ರಿಕಾದ ಬಾಲ್ ಪೈಥಾನ್ ಎಂಬ ಚಿಕ್ಕ ಹೆಬ್ಬಾವನ್ನು. ಅದನ್ನೂ 2024ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಾಯಿಸಬೇಕು. ಅದರ ತವರುಗಳಲ್ಲಿ ಘಾನಾ ದೇಶವೂ ಒಂದು. ಭರತಪುರದ 'ಘನಾ' ಮಾತ್ರ ದಟ್ಟ ಕಾಡು ಎಂಬ ಅರ್ಥದ ಮಾತು. ಹೆಸರಿನ ಹೋಲಿಕೆ ಆಕಸ್ಮಿಕವಾದರೂ ಅಲ್ಲಿನ ಹಾವೂ ಇಲಿಗಳ ಬಿಲದಲ್ಲಿ, ಹುತ್ತದಲ್ಲಿ ಅಡಗಿ ಬದುಕುವಂಥದೇ.

ಗಾಜಿನ ಪೆಟ್ಟಿಗೆಯಲ್ಲಿ ಅದನ್ನು ಇಟ್ಟವರು ಸಾಮಾನ್ಯವಾಗಿ ಮಾಡುವ ತಪ್ಪು ಪೆಟ್ಟಿಗೆಯನ್ನೆಲ್ಲ ಒಂದೇ ಸಮ ಬಿಸಿ ಮಾಡುವುದು. ಆಗ ಬಿಸಿಲಿದೆ, ಬಿಲವಿಲ್ಲ. ಬಿಸಿ ಚಾಪೆಯಾಗಲಿ, ಮೇಲಿನಿಂದ ಶಾಖ ಬೀರುವ ದೀಪವಾಗಲಿ ಒಂದು ತುದಿಗೆ ಮಾತ್ರ ಇರಬೇಕು. ಆ ತುದಿ ಸುಮಾರು 31-32 ಡಿಗ್ರಿ, ಇನ್ನೊಂದು ತುದಿ 25ರ ಸುಮಾರು, ಎರಡೂ ಕಡೆ ಅಡಗಲು ಗೂಡು. ದೀಪಕ್ಕೆ ಜಾಲರಿ ಬೇಕು, ಇಲ್ಲದಿದ್ದರೆ ಹಾವು ಅದಕ್ಕೇ ಸುತ್ತಿಕೊಳ್ಳುತ್ತದೆ. ಉಷ್ಣತೆ ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಯಾವುದನ್ನೂ ಹಚ್ಚುವಂತಿಲ್ಲ. ವಿದ್ಯುತ್ತಿನಿಂದ ಕಾಯುವ ಕೃತಕ ಕಲ್ಲುಗಳನ್ನಂತೂ ಕೊಳ್ಳಲೇಬಾರದು. ಹೊಟ್ಟೆಯಡಿಯ ಚರ್ಮ ಸುಡುತ್ತಿದ್ದರೂ ಹಾವು ಅದರ ಮೇಲಿಂದ ಸರಿಯದೆ ಗಾಯ ಮಾಡಿಕೊಳ್ಳುವುದುಂಟು. ವಿದ್ಯುತ್ ಕೈಕೊಡುವ ರಾತ್ರಿಗೆ ಏನು ವ್ಯವಸ್ಥೆ ಎಂಬುದನ್ನು ಹಾವು ತರುವ ಮೊದಲೇ ಯೋಚಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ಅದು ನಾಲ್ಕಡಿಯ ಪೆಟ್ಟಿಗೆಯೇ.

ಮಕ್ಕಳಿಗೆ ಹೆಬ್ಬಾವು ತೋರಿಸಲು ಭರತಪುರಕ್ಕೆ ಹೋಗುವವರು ಡಿಸೆಂಬರ್ ಕೊನೆಯಿಂದ ಫೆಬ್ರವರಿಯ ನಡುವೆ ಹೋಗುವುದು ಒಳ್ಳೆಯದು. ಬೆಳಗಿನ ಮಂಜಿನಲ್ಲಿ ಹಕ್ಕಿಗಳನ್ನು ನೋಡಿ, ಬಿಸಿಲೇರಿದ ಮೇಲೆ ಬಿಲಗಳತ್ತ ರಿಕ್ಷಾ ತಿರುಗಿಸಬೇಕು. ಬಿಲ ಕಂಡೊಡನೆ ಇಳಿದು ಓಡಬಾರದು. ರಿಕ್ಷಾದಲ್ಲೇ ಕುಳಿತು ದುರ್ಬೀನಿನಲ್ಲಿ ನೋಡಿದರೆ ಹೆಬ್ಬಾವಿನ ಪಕ್ಕೆ ನಿಧಾನವಾಗಿ ಏರಿ ಇಳಿಯುವುದೂ ಕಾಣುತ್ತದೆ. ಮಂಜು ಹರಿಯದ ದಿನ ಮಾತ್ರ ಏನೂ ಕಾಣದು. ಆ ದಿನ ಅವು ಹೊರಗೆ ಬರುವುದೇ ಇಲ್ಲ.