ಕಾರವಾರದ ದಂಡೆಯಲ್ಲಿ ಕೇಳಿದ ಹಿಮದ ಕಥೆ

ಹೋದ ಡಿಸೆಂಬರಿನಲ್ಲಿ ಕಚೇರಿಯಿಂದ ಹೇಗೋ ನಾಲ್ಕು ದಿನದ ರಜೆ ಮಂಜೂರಾಯಿತು. ಮುಂಬಯಿಯ ಗದ್ದಲದಿಂದ ಬೇಸತ್ತಿದ್ದ ನಾವು ಸಂಸಾರ ಸಮೇತ ಕೊಂಕಣ ರೈಲು ಹತ್ತಿ ಕಾರವಾರಕ್ಕೆ ಹೊರಟೆವು. ಕಾಳಿ ನದಿಯ ಸೇತುವೆ ದಾಟುವಾಗ ಇನ್ನೂ ಬೆಳಗಾಗಿರಲಿಲ್ಲ. ಸ್ಟೇಷನ್ನಿನಲ್ಲಿ ಇಳಿದೊಡನೆ ಬೀಸಿದ ಗಾಳಿಗೆ ನಮ್ಮ ಮನೆಯವರು ಮಕ್ಕಳಿಗೆ ಸ್ವೆಟರು ತೊಡಿಸಿದರು. ನಾವೂ ಮಫ್ಲರು ಸುತ್ತಿಕೊಂಡು, "ಅಬ್ಬ, ಎಂಥ ಚಳಿ!" ಎಂದೆವು. ಸಂಜೆಯೊಳಗೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿ ಬಂತು. ಅದು ಹೇಗೆಂಬುದನ್ನು ವಾಚಕರ ಮುಂದಿಡುತ್ತೇವೆ.

ಸಂಜೆ ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ ಹೋದೆವು. ಅಲ್ಲಿ ಚಪಲ್ ಎಂಬ ಹಳೆಯ ಯುದ್ಧನೌಕೆಯನ್ನು ದಡಕ್ಕೆ ತಂದು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅದನ್ನೆಲ್ಲ ಸುತ್ತಿ ನೋಡಿದ ನಮ್ಮ ಹಿರಿಯ ಮಗನಿಗೆ ಸಮಾಧಾನವಾಗಲಿಲ್ಲ. "ಇದರ ಮೇಲೆ ವಿಮಾನ ಎಲ್ಲಿ ಇಳಿಯುತ್ತದೆ?" ಎಂದು ಕೇಳಿದ. ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದ ಗೃಹಸ್ಥರೊಬ್ಬರು ನಕ್ಕು, "ಇದರ ಮೇಲೆ ಇಳಿಯುವುದಿಲ್ಲ ತಮ್ಮಾ. ವಿಮಾನ ಇಳಿಯುವ ಹಡಗಿನ ಮನೆ ಆ ಗುಡ್ಡದಾಚೆ ಇದೆ" ಎಂದು ದಕ್ಷಿಣಕ್ಕೆ ಕೈ ತೋರಿಸಿದರು. ಅವರು ಅಂಕೋಲೆಯ ಕಡೆಯವರು, ನೌಕಾದಳದಿಂದ ನಿವೃತ್ತರಾದವರು. ಹೆಸರು ಬರೆಯಬೇಡಿ ಎಂದಿದ್ದಾರೆ, ಬರೆಯುವುದಿಲ್ಲ.

ಗುಡ್ಡದಾಚೆ ಅರಗಾದಲ್ಲಿ ನೌಕಾನೆಲೆ ಕದಂಬ ಇದೆ. ವಿಮಾನವಾಹಕ ನೌಕೆ ವಿಕ್ರಮಾದಿತ್ಯಕ್ಕೆ ಅದೇ ತವರು ಬಂದರು. ನಮ್ಮಂಥವರಿಗೆ ಒಳಗೆ ಪ್ರವೇಶವಿಲ್ಲ. ಆದರೆ ನಮ್ಮ ಹೊಸ ಸ್ನೇಹಿತರ ಮಾತಿನಲ್ಲಿಯೇ ಹಡಗನ್ನು ಕಂಡಂತಾಯಿತು. ಉದ್ದ 284 ಮೀಟರು. ತಳದಿಂದ ತುದಿಯವರೆಗೆ ಇಪ್ಪತ್ತು ಅಂತಸ್ತಿನ ಮನೆಯಷ್ಟು ಎತ್ತರ. ಮೊದಲು ಸೋವಿಯೆತ್ ನೌಕಾದಳದಲ್ಲಿದ್ದ ಈ ಹಡಗನ್ನು ಕೊಳ್ಳಲು ನಮ್ಮ ಸರಕಾರ 2004ರಲ್ಲಿ ಒಪ್ಪಂದ ಮಾಡಿಕೊಂಡಿತು. ರಷ್ಯದ ಉತ್ತರ ತುದಿಯ ಸೆವೆರೊದ್ವಿನ್ಸ್ಕ್ ಎಂಬ ಊರಿನಲ್ಲಿ ವರ್ಷಗಟ್ಟಲೆ ದುರಸ್ತಿ ನಡೆದು, 2013ರ ನವೆಂಬರ್ 16ರಂದು ಅದು ಭಾರತದ ಸೇವೆಗೆ ಸೇರಿತು. ಅದೇ ತಿಂಗಳು 26ಕ್ಕೆ ಹೊರಟು, 2014ರ ಜನವರಿಯಲ್ಲಿ ಕಾರವಾರ ಮುಟ್ಟಿತು.

"ಆ ಊರಿನಲ್ಲಿ ನಾನೂ ಒಂದು ಚಳಿಗಾಲ ಕಳೆದೆ" ಎಂದರು ಅವರು. "ನವೆಂಬರಿನ ಕೊನೆಗೆ ಹಗಲೆಂಬುದು ಐದು ಗಂಟೆ. ಬಿಳಿಯ ಸಮುದ್ರ ಎಂದು ಅದರ ಹೆಸರು. ಹೆಪ್ಪುಗಟ್ಟಿ ನಿಜಕ್ಕೂ ಬೆಳ್ಳಗಾಗುತ್ತದೆ."

ಮಗ ತಟ್ಟನೆ ಕೇಳಿದ: "ಮಾಮಾ, ಅಷ್ಟು ದೊಡ್ಡ ಹಡಗಿನ ಮೇಲೆ ಹಿಮ ಬಿದ್ದರೆ ಯಾರು ಗುಡಿಸುತ್ತಾರೆ?"

"ನಾವೇ ಗುಡಿಸಬೇಕು ತಮ್ಮಾ. ಪೊರಕೆ, ಸಲಿಕೆ ಹಿಡಿದು ಸಾಲಾಗಿ ನಿಂತು."

ಆಮೇಲೆ ಅವರು ಹೇಳಿದ್ದನ್ನು ನಾವು ಮರೆಯಲಾರೆವು. ವಿಮಾನ ಏರುವಾಗಲೂ ಇಳಿಯುವಾಗಲೂ ಹಡಗು ಗಾಳಿಗೆ ಎದುರಾಗಿ ಓಡಬೇಕು. ಗಂಟೆಗೆ 55 ಕಿಲೋಮೀಟರ್ ಗಾಳಿಯಿದ್ದರೆ, ಸೊನ್ನೆ ಡಿಗ್ರಿಯ ಚಳಿ ಮೈಗೆ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗಿನಂತೆ ತಾಗುತ್ತದೆ. ಡೆಕ್ಕಿನ ಮೇಲೆ ಮರೆಗೆ ಒಂದು ಗೋಡೆಯೂ ಇಲ್ಲ. ತೆರೆಯ ಸೀರ್ಪನಿ ತಣ್ಣಗಿನ ಉಕ್ಕಿಗೆ ಬಡಿದು ಅಲ್ಲಿಯೇ ಗಡ್ಡೆಯಾಗುತ್ತದೆ. ಬರಿಗೈಯಿಂದ ಸರಪಳಿ ಮುಟ್ಟಿದರೆ ಚರ್ಮ ಅದಕ್ಕೆ ಅಂಟಿಕೊಳ್ಳುತ್ತದೆ. ದಪ್ಪ ಕೈಗವಸು ತೊಟ್ಟರೆ ವಿಮಾನವನ್ನು ಬಿಗಿಯುವ ಕೊಂಡಿ ಕೈಗೆ ಸಿಕ್ಕುವುದಿಲ್ಲ. ಎಂಜಿನಿನ ಅಬ್ಬರದಲ್ಲಿ ಮಾತು ಕೇಳಿಸದ್ದರಿಂದ ಎಲ್ಲವೂ ಕೈಸನ್ನೆ. ಬೆರಳು ಮರಗಟ್ಟಿದರೆ ಸನ್ನೆಯೂ ತಪ್ಪೀತು. ಗುಡಿಸದೆ ಬಿಟ್ಟ ಒಂದು ಹಿಡಿ ಮಂಜುಗಡ್ಡೆ ಎಂಜಿನಿನೊಳಗೆ ಸೆಳೆಯಲ್ಪಟ್ಟರೆ ಸಾಕು, ಒಳಗಿನ ಅಲಗುಗಳು ಮುರಿಯುತ್ತವೆ. ಕಾಲು ಜಾರಿದವನು ನೀರಿಗೆ ಬಿದ್ದರೆ, ಅವನನ್ನು ಎತ್ತಲು ಸಿಗುವ ಸಮಯ ಕೆಲವೇ ನಿಮಿಷ.

ಮುಂಬಯಿಗೆ ಮರಳಿದ ಮೇಲೂ ಈ ವಿಷಯ ತಲೆಯಿಂದ ಇಳಿಯದೆ ಒಂದಷ್ಟು ಓದಿದೆವು. 1946ರ ಮಾರ್ಚಿನಲ್ಲಿ ಅಮೆರಿಕದವರು ಮಿಡ್‌ವೇ ಎಂಬ ಹೊಸ ನೌಕೆಯನ್ನು ಗ್ರೀನ್‌ಲೆಂಡಿನ ಪಕ್ಕದ ಡೇವಿಸ್ ಜಲಸಂಧಿಯ ಕಡೆ ಒಯ್ದು, ಇಂಥ ಚಳಿಯಲ್ಲಿ ವಿಮಾನ ಹಾರಿಸಬಹುದೇ ಎಂದು ಪರೀಕ್ಷಿಸಿದರು. ಆ ಪರೀಕ್ಷೆಗೆ ಇಟ್ಟ ಹೆಸರು 'ಫ್ರಾಸ್ಟ್‌ಬೈಟ್', ಎಂದರೆ ಶೀತದಿಂದ ಮೈ ಸತ್ತುಹೋಗುವ ಬೇನೆ. ನಾಲ್ಕು ವರ್ಷಗಳಲ್ಲಿ ಆ ಪಾಠ ಯುದ್ಧಕ್ಕೇ ಬೇಕಾಯಿತು. 1950ರ ಚಳಿಗಾಲ, ಕೊರಿಯದ ಪೂರ್ವ ಕಡಲು. ಚೋಸಿನ್ ಸರೋವರದ ಬಳಿ ಶತ್ರುವಿನ ಮುತ್ತಿಗೆಗೆ ಸಿಕ್ಕ ಸೈನಿಕರಿಗೆ ಮೇಲಿನಿಂದ ನೆರವಾಗಲು ಫಿಲಿಪೀನ್ ಸೀ, ಲೇಟೆ ಮೊದಲಾದ ನೌಕೆಗಳಿಂದ ವಿಮಾನಗಳು ಏರಬೇಕಾಗಿತ್ತು. ಆ ನೌಕೆಗಳದು ಮರದ ಹಲಗೆ ಹಾಸಿದ ಡೆಕ್ಕು. ಫಿಲಿಪೀನ್ ಸೀ ನೌಕೆಯ ಅಂದಿನ ಚಿತ್ರವೊಂದಿದೆ: ರೆಕ್ಕೆ ಮಡಿಚಿ ನಿಂತ ವಿಮಾನಗಳ ಮೇಲೆ, ಕೆಳಗೆ, ಎಲ್ಲೆಡೆ ಹಿಮ. ಸರೋವರದ ದಂಡೆಯ ಸೈನಿಕ ಆಕಾಶವನ್ನು ನೋಡುತ್ತ ಕಾಯುತ್ತಿದ್ದ. ಅವನ ಜೀವ ಕಡಲಿನ ಮೇಲಿನ ಒಂದು ಪೊರಕೆಯನ್ನೂ ನಂಬಿಕೊಂಡಿತ್ತು. ಹಾರಿದ ವೈಮಾನಿಕರ ಹೆಸರು ಪುಸ್ತಕಗಳಲ್ಲಿದೆ. ಗುಡಿಸಿದವರ ಹೆಸರು ನಮಗೆ ಎಲ್ಲಿಯೂ ಸಿಕ್ಕಲಿಲ್ಲ.

ಕಡತ ಸಾಗಿಸುವ ಗುಮಾಸ್ತರಾದ ನಮಗೆ ಇದು ಚೆನ್ನಾಗಿಯೇ ಅರ್ಥವಾಯಿತೆನ್ನಿ!

ಅಂದು ಸಂಜೆ ಎದ್ದು ಹೊರಡುವಾಗ ನಮ್ಮ ಮನೆಯವರು ಶೇಂಗಾದ ಪೊಟ್ಟಣ ಮುಂದೆ ಹಿಡಿದರು. ಆ ಗೃಹಸ್ಥರು ಎಡಗೈ ಚಾಚಿದರು. ನಮ್ಮ ನೋಟವನ್ನು ಗಮನಿಸಿ, "ಬಲಗೈಯ ಎರಡು ಬೆರಳ ತುದಿಗೆ ಇನ್ನೂ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ. ಒಂದು ದಿನ ಕೈಗವಸು ತೆಗೆದು ಕೆಲಸ ಮಾಡಿದೆ, ಅಷ್ಟೆ. ಸಣ್ಣ ವಸ್ತು ಹಿಡಿದರೆ ಬಿದ್ದುಹೋಗುತ್ತದೆ" ಎಂದರು.

"ಮನೆಯಲ್ಲಿ ಏನೆಂದರು?" ಎಂದು ನಮ್ಮ ಮನೆಯವರು ಕೇಳಿದರು.

ಅವರು ಸ್ವಲ್ಪ ಹೊತ್ತು ಕಡಲನ್ನು ನೋಡಿದರು. "ಅವ್ವನಿಗೆ ಹೇಳಲೇ ಇಲ್ಲ. ಫೋನು ಮಾಡಿದಾಗಲೆಲ್ಲ 'ಚಳಿ ಇದೆಯೇ?' ಎಂದು ಕೇಳುತ್ತಿದ್ದಳು. 'ನಮ್ಮ ಊರಿನ ಮಾಗಿಯಷ್ಟೇ' ಎನ್ನುತ್ತಿದ್ದೆ. ಹಾಗೆಯೇ ನಂಬಿಕೊಂಡು ತೀರಿಹೋದಳು."

ನಾವು ಏನೂ ಮಾತಾಡಲಿಲ್ಲ. ಮುಂಬಯಿಗೆ ಬಂದ ಮೊದಲ ಮಳೆಗಾಲದಲ್ಲಿ ನಮ್ಮ ಬಾಡಿಗೆಯ ಖೋಲಿಗೆ ಮೊಣಕಾಲುದ್ದ ನೀರು ನುಗ್ಗಿತ್ತು. ಮಂಚದ ಮೇಲೆ ಕುಳಿತೇ ನಾವು ಊರಿಗೆ ಫೋನು ಮಾಡಿ, "ಇಲ್ಲಿ ಎಲ್ಲ ಕ್ಷೇಮ" ಎಂದಿದ್ದೆವು. ಈ ಪತ್ರಿಕೆ ಓದುವ ಮನೆಗಳಲ್ಲಿ ಅಂಥದೊಂದು ಸುಳ್ಳು ಹೇಳದವರು ಯಾರಿದ್ದಾರೆ?

ಮರುದಿನ ರೈಲಿಗೆ ಹೊರಟಾಗ ಸ್ಟೇಷನ್ನಿನಲ್ಲಿ ಅದೇ ಗಾಳಿ ಬೀಸುತ್ತಿತ್ತು. ಮಗ ಸ್ವೆಟರು ಬೇಡವೆಂದ. ಮಫ್ಲರನ್ನು ನಾವೂ ಮಡಿಚಿ ಪೆಟ್ಟಿಗೆಗೆ ಹಾಕಿದೆವು. ರೈಲು ಬರುವುದು ತಡವಿತ್ತು. ಊರಿನಲ್ಲಿರುವ ತಾಯಿಯವರಿಗೆ ಅಲ್ಲಿಂದಲೇ ಫೋನು ಮಾಡಿ, ಆ ಮಳೆಗಾಲದ ಸಂಗತಿಯನ್ನು ಮೊದಲ ಬಾರಿಗೆ ಹೇಳಿದೆವು. ಅವರು ಎಲ್ಲವನ್ನೂ ಕೇಳಿ, "ಅಂದೇ ನಿನ್ನ ದನಿಯಲ್ಲಿ ಗೊತ್ತಾಗಿತ್ತು ಮಗಾ" ಎಂದರು.