ವಿಮಾನವೇರಿದವರ ಕಲ್ಲು

ಮೈಸೂರಿನಿಂದ ಅರಸೀಕೆರೆಯ ಕಡೆಗೆ ಹೊರಟ ಪ್ಯಾಸೆಂಜರ್ ರೈಲು ಕೃಷ್ಣರಾಜನಗರ ಬಿಟ್ಟು ಮುಂದೆ ಸಾಗಿದಂತೆ ಕಿಟಕಿಯಾಚೆಯ ಹಸಿರು ದಟ್ಟವಾಗುತ್ತದೆ. ಗದ್ದೆ ಬಯಲು, ಕಬ್ಬು, ತೆಂಗಿನ ಸಾಲು, ಎಲ್ಲೋ ದೂರದಲ್ಲಿ ಆಲೆಮನೆಯ ಹೊಗೆ. ಹೇಮಾವತಿ ಹತ್ತಿರ ಬಂದಳೆಂದು ಯಾರೂ ಹೇಳಬೇಕಾಗಿಲ್ಲ. ತಣ್ಣಗಾದ ಗಾಳಿಯೇ ಹೇಳುತ್ತದೆ. ಅಷ್ಟರಲ್ಲಿ ಒಂದು ಸಣ್ಣ ಸ್ಟೇಷನ್ನು. ಹಳದಿ ಫಲಕದ ಮೇಲೆ ಕಪ್ಪು ಅಕ್ಷರ: ಅಕ್ಕಿಹೆಬ್ಬಾಳು.

ಮಂಡ್ಯ ಜಿಲ್ಲೆ ಕೆ.ಆರ್. ಪೇಟೆ ತಾಲ್ಲೂಕಿನ ಈ ಹೋಬಳಿ ಕೇಂದ್ರ ಪ್ರವಾಸಿ ನಕ್ಷೆಗಳಲ್ಲಿ ದಪ್ಪ ಅಕ್ಷರದ ಊರಲ್ಲ. ಸಾಹಿತ್ಯದ ಗೀಳಿದ್ದವರಿಗೆ ಮಾತ್ರ ಹೆಸರು ಕಿವಿಗೆ ಬಿದ್ದೊಡನೆ ಎ.ಎನ್. ಮೂರ್ತಿರಾಯರು ನೆನಪಾಗುತ್ತಾರೆ. ಅವರ ಹೆಸರಿನ ಮೊದಲ ‘ಎ’ ಎಂದರೆ ಅಕ್ಕಿಹೆಬ್ಬಾಳು. 1900ರ ಜೂನ್ 16ರಂದು ಹುಟ್ಟಿ, ನೂರು ದಾಟಿ ಬದುಕಿ, ‘ಹಗಲುಗನಸುಗಳು’, ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಬರೆದ ಹಿರಿಯರು ಅವರು. ಎರಡನೆಯ ‘ಎನ್’ ನರಸಿಂಹ. ಊರಿನಲ್ಲಿ ಲಕ್ಷ್ಮೀನರಸಿಂಹಸ್ವಾಮಿಯ ದೇವಸ್ಥಾನವಿದೆ. ‘ದೇವರು’ ಎಂಬ ಪುಸ್ತಕ ಬರೆದು ದೇವರ ಬಗ್ಗೆಯೇ ಸಂಶಯ ಎತ್ತಿದ ಲೇಖಕರ ಹೆಸರಿನೊಳಗೆ ಊರ ದೇವರು ಕಡೆತನಕ ಕುಳಿತೇ ಇದ್ದದ್ದು ಸೋಜಿಗ!

ಮೂಡಿಗೆರೆ ಸೀಮೆಯ ಬಲ್ಲಾಳರಾಯನದುರ್ಗದ ಬಳಿ ಹುಟ್ಟಿ, ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ಮಂದಗೆರೆ, ಹೇಮಗಿರಿಯ ಕಟ್ಟೆಗಳಲ್ಲಿ ನಾಲೆಗಳಿಗೆ ಹಂಚಿಹೋಗಿ ಉಳಿದ ಹೇಮಾವತಿ ಈ ಭಾಗದಲ್ಲಿ ಬೇಸಿಗೆಯಲ್ಲಿ ತೀರಾ ಸಾಧು. ಬಂಡೆಗಳ ನಡುವೆ ದಾರಿ ಹುಡುಕಿಕೊಂಡು ಹರಿಯುತ್ತಾಳೆ. ಮಲೆನಾಡಿನಲ್ಲಿ ಮಳೆ ಕಚ್ಚಿಕೊಂಡು ಗೊರೂರಿನಲ್ಲಿ ತೂಬೆತ್ತಿದಾಗ ಮಾತ್ರ ದಡದ ಜನ ರಾತ್ರಿ ನಿದ್ದೆ ಬಿಡುತ್ತಾರೆ. ಸ್ವಲ್ಪ ಕೆಳಗೆ ಅಂಬಿಗರಹಳ್ಳಿ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಕೂಡುವ ಈ ಸಂಗಮದಲ್ಲಿ 2013ರಲ್ಲೂ 2022ರಲ್ಲೂ ಕುಂಭಮೇಳ ನಡೆಯಿತು. ಜನಸಾಗರ ಬಂತು, ಹೋಯಿತು. ಆದರೆ ಆ ಊರಿನ ಹೆಸರು ನೆನಪಿಸುವುದು ದೇವರನ್ನಲ್ಲ, ಅರಸನನ್ನೂ ಅಲ್ಲ, ಹೊಳೆ ದಾಟಿಸುವವನನ್ನು. ಸೇತುವೆಗಳಿಲ್ಲದ ಕಾಲದಲ್ಲಿ ತುಂಬಿದ ಹೊಳೆಗೆ ಹರಿಗೋಲು ಇಳಿಸುವ ಎದೆಗಾರಿಕೆ ಆ ಒಬ್ಬನಿಗೇ ಇರುತ್ತಿತ್ತು. ಬಸುರಿಯೋ, ಹಾವು ಕಡಿದವನೋ ಆಚೆ ದಡದಲ್ಲಿದ್ದರೆ ಅಂಬಿಗ ಹುಟ್ಟು ಹಿಡಿಯದೆ ಬೇರೆ ದಾರಿಯಿರಲಿಲ್ಲ.

ಅಕ್ಕಿಹೆಬ್ಬಾಳಿನಿಂದ ಕೆ.ಆರ್. ಪೇಟೆ, ಕಿಕ್ಕೇರಿ, ಹೊಸಹೊಳಲು ಎಂದು ಸುತ್ತಲು ಹೊರಟವರು ಸಾಮಾನ್ಯವಾಗಿ ಹೊಯ್ಸಳರ ಗುಡಿಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಹೊಸಹೊಳಲಿನ ಲಕ್ಷ್ಮೀನಾರಾಯಣ, 1171ರಲ್ಲಿ ಕಟ್ಟಿದ ಕಿಕ್ಕೇರಿಯ ಬ್ರಹ್ಮೇಶ್ವರ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ, ಎಲ್ಲವೂ ನೋಡತಕ್ಕವೇ. ಆ ಗುಡಿಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಕಣ್ಣಿಗೆ ಬೀಳದೆ ಉಳಿಯುವುದು ದಾರಿಯ ಪಕ್ಕದ ಕಲ್ಲುಗಳು. ಕೆರೆ ಏರಿಯ ಮೇಲೆ, ಅರಳಿಕಟ್ಟೆಯ ಮಗ್ಗುಲಲ್ಲಿ, ಬೇಲಿಯ ಸಂದಿಯಲ್ಲಿ ಎದೆಯೆತ್ತರಕ್ಕೆ ನಿಂತ ಅಥವಾ ಅರ್ಧ ಹೂತುಹೋದ ವೀರಗಲ್ಲುಗಳು. ಹಳ್ಳಿಯವರ ಬಾಯಲ್ಲಿ ‘ಈರಗಲ್ಲು’. ಕೆಲವಕ್ಕೆ ಅರಿಸಿನ ಕುಂಕುಮದ ಭಾಗ್ಯವುಂಟು. ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ, ಕೆಲವು ಮೋರಿಯ ಮೇಲಿನ ಚಪ್ಪಡಿ.

ಕರ್ನಾಟಕದಲ್ಲಿರುವಷ್ಟು ವೀರಗಲ್ಲುಗಳು ದೇಶದ ಬೇರೆ ಕಡೆ ಇರುವುದು ಅಪರೂಪ. ಆರ್. ಶೇಷಶಾಸ್ತ್ರಿಯವರು 1982ರಲ್ಲಿ ಒಂದು ಇಡೀ ಗ್ರಂಥವನ್ನೇ ಇವುಗಳಿಗೆ ಮೀಸಲಿಟ್ಟರು. ‘ಎಪಿಗ್ರಾಫಿಯ ಕರ್ನಾಟಿಕ’ದ ಹೊಸ ಆವೃತ್ತಿಯ ಆರನೆಯ ಸಂಪುಟ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳದ್ದೇ. ಎಲ್ಲ ವೀರಗಲ್ಲುಗಳೂ ಪುಣ್ಯವಂತರವು ಎಂದೇನಿಲ್ಲ. ಅರಸನ ದಂಡಿನಲ್ಲಿ ಹೋಗಿ ಪರರ ಊರು ಸುಟ್ಟು ಸತ್ತವನಿಗೂ ಕಲ್ಲಿದೆ. ಆದರೆ ದೊಡ್ಡ ಪಾಲು ಬೇರೆ ಬಗೆಯದು. ಶಾಸನಗಳು ಅದಕ್ಕೆ ಇಟ್ಟ ಹೆಸರುಗಳನ್ನು ಕೇಳಿದರೆ ಸಾಕು. ತುರುಗೊಳ್ ಎಂದರೆ ಊರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವುದು. ಊರಳಿವು ಎಂದರೆ ಊರಿನ ಮೇಲೆ ಬಿದ್ದ ದಾಳಿ. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೊರೆ. ಆ ಮೊರೆ ಕೇಳಿ ಓಡಿದವನು ಎಷ್ಟೋ ಸಲ ಸೈನಿಕನೇ ಅಲ್ಲ. ಗೌಡನ ಮಗನೋ, ದನ ಕಾಯುವವನೋ, ಅಗಸನೋ ಆಗಿರಬಹುದು. ಯಾರೂ ಅವನಿಗೆ ಅಪ್ಪಣೆ ಕೊಟ್ಟಿರಲಿಲ್ಲ. ದನ ಮರಳಿ ಬಂದವು, ಅವನು ಬರಲಿಲ್ಲ.

ಕಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು, ಕತ್ತಿ, ಸಾಲಾಗಿ ನಿಂತ ದನಗಳು. ಮೇಲಿನ ತುದಿಯಲ್ಲಿ ಕೈಲಾಸ: ವೀರ ಶಿವಲಿಂಗದ ಮುಂದೆ ಕುಳಿತಿದ್ದಾನೆ, ಆಚೀಚೆ ಸೂರ್ಯಚಂದ್ರರು. ಇವೆರಡರ ನಡುವಿನ ಪಟ್ಟಿಕೆಯೇ ನಿಂತು ನೋಡಬೇಕಾದದ್ದು. ಅಲ್ಲಿ ಅವನು ನೆಲ ಬಿಟ್ಟಿದ್ದಾನೆ. ಎರಡೂ ಕಡೆ ಅಪ್ಸರೆಯರು ತೋಳು ಹಿಡಿದು ಮೇಲಕ್ಕೊಯ್ಯುತ್ತಿದ್ದಾರೆ. ಕೆಲವು ಕಲ್ಲುಗಳಲ್ಲಿ ಅವನನ್ನು ಪುಟ್ಟ ಮಂಟಪದಂಥ ವಿಮಾನದಲ್ಲಿ ಕೂರಿಸಿರುತ್ತಾರೆ. ಅವರ ಕಾಲುಗಳನ್ನು ಶಿಲ್ಪಿ ಹಿಂದಕ್ಕೆ ಮಡಿಸಿ ತೋರಿಸುತ್ತಾನೆ. ಹಾರುತ್ತಿದ್ದಾರೆ ಎಂದು ಹೇಳಲು ಅವನಿಗೆ ಗೊತ್ತಿದ್ದ ಉಪಾಯ ಅದು. ಇನ್ನೊಬ್ಬರನ್ನು ಉಳಿಸಲು ಹೋಗಿ ಸತ್ತವನು ಆಕಾಶಮಾರ್ಗವಾಗಿ ಹೋದ ಎಂದು ಸಾವಿರ ವರ್ಷದ ಹಿಂದೆಯೇ ಈ ಸೀಮೆಯ ಕಲ್ಲುಕುಟಿಗರು ತೀರ್ಮಾನಿಸಿಬಿಟ್ಟಿದ್ದರು.

ಈ ಕಾಲದಲ್ಲಿ ಆಕಾಶಮಾರ್ಗವಾಗಿಯೇ ಬಂದು ಜನರನ್ನು ಉಳಿಸುವವರು ಇದ್ದಾರೆ. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ಹಂಪಿಯೆದುರಿನ ವಿರೂಪಾಪುರಗಡ್ಡೆ ನಡುಗಡ್ಡೆಯಾದಾಗ ಸಿಕ್ಕಿಬಿದ್ದ ಪ್ರವಾಸಿಗರನ್ನು ಹೆಲಿಕಾಪ್ಟರ್‌ಗಳು ಎತ್ತಿಕೊಂಡು ಬಂದುದನ್ನು ನಾಡೆಲ್ಲ ಟಿ.ವಿ.ಯಲ್ಲಿ ನೋಡಿತು. 2013ರ ಜೂನ್‌ನಲ್ಲಿ ಕೇದಾರನಾಥದಲ್ಲಿ ಪ್ರವಾಹ ಬಂದಾಗ ಅಲ್ಲಿ ಸಿಲುಕಿದವರಲ್ಲಿ ಕನ್ನಡಿಗ ಯಾತ್ರಿಕರೂ ಇದ್ದರು. ಕಣಿವೆ ಕಿರಿದು, ಮೋಡ ಕವಿದಿತ್ತು, ಇಳಿಯಲು ಅಂಗೈಯಗಲ ಜಾಗ. ಆದರೂ ಹೆಲಿಕಾಪ್ಟರ್‌ಗಳು ದಿನವೂ ಹೋಗಿಬರುತ್ತಿದ್ದವು. ಜೂನ್ 25ರಂದು ಕೇದಾರನಾಥದಿಂದ ಹಿಂದಿರುಗುತ್ತಿದ್ದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಗೌರಿಕುಂಡದ ಬಳಿ ಬಿತ್ತು. ಅದರಲ್ಲಿದ್ದ 20 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ವಿಂಗ್ ಕಮಾಂಡರ್ ಡ್ಯಾರಿಲ್ ಕ್ಯಾಸ್ಟಲಿನೊ, ಫ್ಲೈಟ್ ಲೆಫ್ಟಿನೆಂಟ್ ಕೆ. ಪ್ರವೀಣ್, ಫ್ಲೈಟ್ ಲೆಫ್ಟಿನೆಂಟ್ ತಪನ್ ಕಪೂರ್, ಜೂನಿಯರ್ ವಾರಂಟ್ ಆಫೀಸರ್ ಎ.ಕೆ. ಸಿಂಗ್, ಸಾರ್ಜೆಂಟ್ ಸುಧಾಕರ ಯಾದವ್ ವಾಯುಪಡೆಯವರು. ಉಳಿದವರಲ್ಲಿ ಒಂಬತ್ತು ಮಂದಿ ರಾಷ್ಟ್ರೀಯ ವಿಪತ್ತು ಸ್ಪಂದನ ಪಡೆಯವರು, ಆರು ಮಂದಿ ಇಂಡೋ-ಟಿಬೆಟನ್ ಗಡಿ ಪೊಲೀಸರು. ಅವರು ಹೊತ್ತುತಂದ ಯಾತ್ರಿಕರಲ್ಲಿ ಎಷ್ಟು ಮಂದಿಗೆ ಈ ಹೆಸರುಗಳು ಗೊತ್ತಿದ್ದಾವು?

ಇವರು ಸಮವಸ್ತ್ರದವರು, ಅದು ಅವರ ಕರ್ತವ್ಯ ಎನ್ನಬಹುದು. ಕರ್ತವ್ಯದ ಹಂಗೇ ಇಲ್ಲದೆ ಹೊರಟವರೂ ಉಂಟು. ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದ ನಾರ್ವೆಯ ರೋಲ್ಡ್ ಅಮುಂಡ್ಸನ್‌ಗೂ ಇಟಲಿಯ ನೊಬಿಲೆಗೂ ಮಾತುಕತೆ ಕೆಟ್ಟು ವರ್ಷಗಳಾಗಿದ್ದವು. 1928ರ ಮೇ ತಿಂಗಳಲ್ಲಿ ನೊಬಿಲೆಯ ವಾಯುನೌಕೆ ಉತ್ತರ ಧ್ರುವದ ಹಿಮದಲ್ಲಿ ಬಿದ್ದ ಸುದ್ದಿ ಬಂದಾಗ ಅಮುಂಡ್ಸನ್ ಓಸ್ಲೋದಲ್ಲಿ ಯಾರದೋ ಸನ್ಮಾನದ ಊಟದಲ್ಲಿದ್ದ. ಹುಡುಕಲು ಹೋಗುವಿರಾ ಎಂದು ಕೇಳಿದ್ದಕ್ಕೆ ಕೂಡಲೇ ಒಪ್ಪಿಕೊಂಡ. ಜೂನ್ 18ರಂದು ಟ್ರೊಮ್ಸೊದಿಂದ ಫ್ರೆಂಚ್ ಸೀಪ್ಲೇನ್ ‘ಲಾಥಾಮ್ 47’ರಲ್ಲಿ ಆರು ಜನ ಹೊರಟರು. ವಿಮಾನ ನಡೆಸುತ್ತಿದ್ದವನು ರೆನೆ ಗಿಲ್ಬೊ. ಅವರಲ್ಲಿ ಯಾರೂ ಹಿಂದಿರುಗಲಿಲ್ಲ. ತಿಂಗಳುಗಳ ಮೇಲೆ ಸಿಕ್ಕಿದ್ದು ವಿಮಾನದ ಒಂದು ತೇಲುಬುಂಡೆ. ನೊಬಿಲೆಯನ್ನು ಬೇರೊಬ್ಬ ಪೈಲಟ್ ಅದೇ ಜೂನ್ 24ರಂದು ಎತ್ತಿ ತಂದಾಗಿತ್ತು. ಫ್ರಾನ್ಸಿನ ಸೇನ್ ನದಿಯ ದಡದಲ್ಲಿ, ಕೊಡ್ಬೆಕ್ ಎಂಬ ಊರಿನ ಬಳಿ, ಆ ಆರು ಜನರಿಗೆ 1931ರಲ್ಲಿ ಸ್ಮಾರಕ ಮಾಡಿದರು. ಬಂಡೆಯನ್ನು ಸೀಳಿಕೊಂಡು ಕಲ್ಲಿನ ವಿಮಾನವೊಂದು ಹೊರಬರುತ್ತಿರುವ ಹಾಗೆ. ನಮ್ಮ ವೀರಗಲ್ಲನ್ನು ಆ ಶಿಲ್ಪಿ ಕಂಡಿರಲಾರ. ನಡುವಿನ ಪಟ್ಟಿಕೆಯೊಂದನ್ನೇ ದೊಡ್ಡದು ಮಾಡಿ ನಿಲ್ಲಿಸಿದಂತಿದೆ ಅವನ ಕೆಲಸ.

ಕಲ್ಲು ನಿಲ್ಲಿಸುವುದು ಸುಲಭ. ಅದನ್ನು ನೋಡಿಕೊಳ್ಳುವುದು ಕಷ್ಟ. ಈ ವಿಚಾರದಲ್ಲಿ ನಮ್ಮ ಹಿಂದಿನವರು ಬಲು ಲೆಕ್ಕಾಚಾರದವರು. ಇದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿ, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದ ಪ್ರಸಿದ್ಧ ಕಲ್ಲು ಇದಕ್ಕೆ ಸಾಕ್ಷಿ. ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರನಿಗೆ ಬೇಕಾದ್ದು ಕೇಳು ಎಂದಾಗ ಅವನು ಊರನ್ನೋ ಹೊನ್ನನ್ನೋ ಬೇಡದೆ ‘ಕಾಳಿ’ ಎಂಬ ನಾಯಿಯನ್ನು ಬೇಡಿದ. ಆ ನಾಯಿ ಹಂದಿಯ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಕಾಳಿಗೆ ಕಲ್ಲು ನಿಲ್ಲಿಸಿದರು, ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲಿ ಎಂಬ ಎಚ್ಚರಿಕೆಯನ್ನೂ ಕೆತ್ತಿಸಿದರು. ಹೂಮಾಲೆ ಹಾಕಿ ಮರುದಿನ ಮರೆಯುವವರಿಗೆ ಇಂಥದ್ದೊಂದು ಶಾಪವಾಕ್ಯ ಬೇಕೇನೋ!

ಮನುಷ್ಯ ಸತ್ತಾಗ ಅವನ ಮನೆಯವರ ಗತಿಯೇನು ಎಂಬ ಯೋಚನೆಯೂ ಇತ್ತು. ಕಲ್ನಾಡು, ನೆತ್ತರುಗೊಡಗೆ ಎಂಬ ಮಾತುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ನೆತ್ತರುಗೊಡಗೆ ಎಂದರೆ ಸುರಿಸಿದ ನೆತ್ತರಿಗೆ ಪ್ರತಿಯಾಗಿ ಕೊಟ್ಟ ಭೂಮಿ. ಹಲವು ಕಡೆ ಕೆರೆಯ ಕೆಳಗಿನ ಗದ್ದೆ; ಅಂದರೆ ಒಣಭೂಮಿಯಲ್ಲ, ನೀರು ಹಾಯುವ ಒಳ್ಳೆಯ ಜಾಗ. ಸತ್ತವನ ಹೆಂಡತಿ ಮಕ್ಕಳು ಕಲ್ಲಿಗೆ ಕೈಮುಗಿದು ಉಪವಾಸ ಬೀಳದಿರಲೆಂದು ಊರೇ ಮಾಡಿದ ಏರ್ಪಾಡು.

ಇಂದು ಪೈಲಟ್ ಸತ್ತರೆ ಪಿಂಚಣಿಯುಂಟು, ಪರಿಹಾರಧನವುಂಟು. ನೆತ್ತರುಗೊಡಗೆಯ ಹೆಸರು ಬದಲಾಗಿದೆ, ಅಷ್ಟೆ. ಸಂಬಳವಿಲ್ಲದೆ, ಸಮವಸ್ತ್ರವಿಲ್ಲದೆ ತಾನಾಗಿ ನುಗ್ಗಿದವನ ಪಾಡೇ ಬೇರೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ನೆರವಿಗೆ ಓಡಿಬಂದವರು ಗದ್ದೆಯಲ್ಲಿದ್ದ ರೈತರು, ಊರ ಹುಡುಗರು. ಮಂಡ್ಯದ ನಾಲೆ, ಹೊಳೆ, ಕೆರೆಗಳಲ್ಲಿ ಇಂಥದು ಹೊಸತಲ್ಲ. ಮುಳುಗುತ್ತಿದ್ದವರನ್ನು ಎತ್ತಲು ಹೋದವನೂ ನೀರುಪಾಲಾದ ಸುದ್ದಿ ಪ್ರತಿ ಮಳೆಗಾಲದಲ್ಲೂ ಪತ್ರಿಕೆಯ ಒಳಪುಟದಲ್ಲಿ ಎರಡು ಅಂಗುಲ ಬರುತ್ತದೆ. ಹಿಂದಿನ ಕಾಲವಾಗಿದ್ದರೆ ಕೆರೆ ಏರಿಯ ಮೇಲೆ ಅವನದೊಂದು ಕಲ್ಲು ನಿಲ್ಲುತ್ತಿತ್ತು.

ಇರುವ ಕಲ್ಲುಗಳ ಸ್ಥಿತಿಯೂ ಹೇಳಿಕೊಳ್ಳುವಂತಿಲ್ಲ. ಅಕ್ಷರವಿರುವ ಕಲ್ಲುಗಳನ್ನು ಪಂಡಿತರು ಓದಿ ಸಂಪುಟಕ್ಕೆ ಸೇರಿಸಿದರು. ಅಕ್ಷರವಿಲ್ಲದವಕ್ಕೆ ಲೆಕ್ಕವಿಲ್ಲ, ಹೆಸರೂ ಇಲ್ಲ. ರಸ್ತೆ ಅಗಲವಾಗುವಾಗ, ಗುಡಿ ಜೀರ್ಣೋದ್ಧಾರವಾಗುವಾಗ ಮೊದಲು ಮಗ್ಗುಲಾಗುವುದು ಅವೇ. ಸುಣ್ಣ ಬಳಿದರೆ ಅಪ್ಸರೆಯರ ಮುಖ ಮುಚ್ಚುತ್ತದೆ, ಬಣ್ಣ ಹೊಡೆದರೆ ಕಾಳಗವೇ ಕಾಣದು. ಆದರೂ ಸುಗ್ಗಿಯಲ್ಲಿ ಕಾಯಿ ಒಡೆದು, ‘ನಮ್ಮ ದನ ಕರ ಕಾಯಪ್ಪ’ ಎಂದು ಕೈಮುಗಿಯುವ ಹೆಂಗಸರು ಇನ್ನೂ ಇದ್ದಾರೆ. ಕಲ್ಲಿನಲ್ಲಿರುವುದು ಯಾರೆಂದು ಅವರಿಗೆ ತಿಳಿಯದು. ಅವನು ದನ ಕಾದವನು ಎಂಬುದು ಮಾತ್ರ ಹೇಗೋ ಉಳಿದುಕೊಂಡಿದೆ.

ಅಕ್ಕಿಹೆಬ್ಬಾಳಿಗೆ ಮೈಸೂರು, ಹಾಸನ ಎರಡೂ ಕಡೆಯಿಂದ ರೈಲಿದೆ, ಕೆ.ಆರ್. ಪೇಟೆಯಿಂದಲೂ ಕೃಷ್ಣರಾಜನಗರದಿಂದಲೂ ಬಸ್ಸಿನಲ್ಲಿ ಬರಬಹುದು. ನರಸಿಂಹಸ್ವಾಮಿಯ ದರ್ಶನ ಮುಗಿಸಿ, ಹೊಳೆಯ ದಡದಲ್ಲಿ ಬುತ್ತಿ ಬಿಚ್ಚಿ, ಬಿಸಿಲು ಇಳಿದ ಮೇಲೆ ಹೊಸಹೊಳಲಿನ ಕಡೆ ಹೊರಡುವುದು ಅನುಕೂಲ. ಇಳಿಬಿಸಿಲು ಕಲ್ಲಿನ ಮೇಲೆ ಅಡ್ಡಲಾಗಿ ಬೀಳುವ ಹೊತ್ತಿನಲ್ಲೇ ಸವೆದ ಕೆತ್ತನೆ ಕಣ್ಣಿಗೆ ಕಾಣುವುದು. ಮೊದಲು ದನಗಳ ಕೊಂಬು, ಆಮೇಲೆ ಬಿಲ್ಲು ಹಿಡಿದ ತೋಳು, ಇನ್ನೂ ಸ್ವಲ್ಪ ಹೊತ್ತು ಕಾದರೆ ನಡುವಿನ ಪಟ್ಟಿಕೆಯಲ್ಲಿ ಹಿಂದಕ್ಕೆ ಮಡಿಸಿದ ಆ ಕಾಲುಗಳು.